ಅಪ್ಪನ ಕೊನೆಯ ತಿರುಗಾಟ, ಕೈಯಲ್ಲಿ ಹೊಸ ಕ್ಯಾಮೆರಾ: ಎಲ್ಲಿಂದ ಶುರು ಮಾಡಲಿ?

ಬಯಲಾಟದ ಮಗಳು · ಮೇ 2, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಬೆಳ್ತಂಗಡಿ ಕಡೆಯವಳು. ಅಪ್ಪ 34 ವರ್ಷಗಳಿಂದ ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರಗಳನ್ನು, ಮಾಡುತ್ತಿದ್ದಾರೆ. ಮಂಡಿನೋವು ಜೋರಾಗಿದೆ. ಮೇಳದ ತಿರುಗಾಟ ಮುಗಿಯುವ ದಿನವಾದ ಈ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ.

ಇಷ್ಟು ವರ್ಷಗಳಲ್ಲಿ ಅವರ ವೇಷದ ಒಂದು ಒಳ್ಳೆಯ ಚಿತ್ರ ನಮ್ಮ ಮನೆಯಲ್ಲಿಲ್ಲ. ಇರುವುದೆಲ್ಲ ಯಾರೋ ಮೊಬೈಲಿನಲ್ಲಿ ತೆಗೆದು ಕಳುಹಿಸಿದವು. ಮುಖವೆಲ್ಲ ಬಿಳಿಯಾಗಿ ಸುಟ್ಟುಹೋಗಿರುತ್ತದೆ, ಹಿಟ್ಟಿನಿಂದ ಎತ್ತಿದ ಚುಕ್ಕಿಗಳ, ಅಂದರೆ ಚಿಟ್ಟಿಯ, ಒಂದು ಸಾಲೂ ಕಾಣುವುದಿಲ್ಲ. ಮೂರು ಗಂಟೆ ಕುಳಿತು ಬರೆದ ಮುಖವರ್ಣಿಕೆ ಬೆಳಗಿನ ಜಾವ ತೆಂಗಿನೆಣ್ಣೆಯಲ್ಲಿ ಒರೆಸಿಹೋಗುತ್ತದೆ. ಅದನ್ನು ಒಮ್ಮೆಯಾದರೂ ಸರಿಯಾಗಿ ಹಿಡಿದಿಡಬೇಕು ಎಂಬುದು ನನ್ನ ಆಸೆ.

ಮಸ್ಕತ್‌ನಲ್ಲಿರುವ ಅಣ್ಣ ಹಣ ಕಳುಹಿಸಿ ಕೆನಾನ್ ಇಒಎಸ್ 1500ಡಿ ಕೊಡಿಸಿದ್ದಾನೆ. ಜೊತೆಗೆ 18-55 ಎಂಎಂ ಲೆನ್ಸ್ ಇದೆ, ಇನ್ನೊಂದು ಚಿಕ್ಕ 50 ಎಂಎಂ, ಎಫ್ 1.8 ಎಂದು ಬರೆದದ್ದು. ಡಬ್ಬಿ ಒಡೆದು ನೋಡಿದೆ, ಮತ್ತೆ ಮುಚ್ಚಿಟ್ಟೆ. ನಾನು ಇದುವರೆಗೆ ಮೊಬೈಲ್ ಬಿಟ್ಟು ಬೇರೆ ಕ್ಯಾಮೆರಾ ಮುಟ್ಟಿಲ್ಲ. ಪತ್ತನಾಜೆಗೆ ಇನ್ನು ಮೂರು ವಾರ. ಮೊದಲ ದಿನ ಏನು ಮಾಡಬೇಕು, ದಯವಿಟ್ಟು ಹೇಳಿ.

ಹಳೆಯ ಸ್ಟುಡಿಯೋ · ಮೇ 2, ರಾತ್ರಿ 10:35

ತಂಗೀ, ಪುತ್ತೂರಿನಲ್ಲಿ ರೀಲಿನ ಕಾಲದಿಂದ ಸ್ಟುಡಿಯೋ ನಡೆಸಿದವನು ನಾನು. ಮೂರು ವಾರ ಧಾರಾಳವಾಯಿತು. ನೀವು ಕ್ಯಾಮೆರಾ ಪೂರ್ತಿ ಕಲಿಯಬೇಕಾಗಿಲ್ಲ, ವೇಷ ಕಟ್ಟುವ ಚೌಕಿಯಲ್ಲಿ ಮತ್ತು ರಂಗಸ್ಥಳದ ಎದುರು ಬೇಕಾದಷ್ಟು ಕಲಿತರೆ ಸಾಕು. ಈ ರಾತ್ರಿಗೆ ಒಂದೇ ಕೆಲಸ: ಬ್ಯಾಟರಿಯನ್ನು ಚಾರ್ಜಿಗೆ ಹಾಕಿ. ಚಾರ್ಜರಿನ ದೀಪ ಕಿತ್ತಳೆಯಿಂದ ಹಸಿರಿಗೆ ತಿರುಗಲು ಎರಡು ಗಂಟೆಯಾದರೂ ಬೇಕು. ಅರ್ಧಕ್ಕೆ ಕೀಳಬೇಡಿ.

ನಾಳೆ ಬೆಳಿಗ್ಗೆ ಬೆಳಕಿರುವ ಕಡೆ, ಒಗೆದ ಬಟ್ಟೆ ಹಾಸಿದ ಮೇಜಿನ ಮೇಲೆ ಕುಳಿತುಕೊಳ್ಳಿ. ಫ್ಯಾನ್ ಆರಿಸಿ. ಕ್ಯಾಮೆರಾದ ತಳದಲ್ಲಿ ಒಂದು ಮುಚ್ಚಳವಿದೆ, ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಎರಡೂ ಅದರೊಳಗೇ ಹೋಗುತ್ತವೆ. ಕಾರ್ಡು ಟಕ್ ಎನ್ನುವವರೆಗೆ ಒತ್ತಿ.

ಲೆನ್ಸ್ ಹಾಕುವಾಗ ಕ್ಯಾಮೆರಾದ ಬಾಯಿಯಲ್ಲಿ ಎರಡು ಗುರುತು ಕಾಣುತ್ತವೆ, ಒಂದು ಬಿಳಿ ಚೌಕ, ಒಂದು ಕೆಂಪು ಚುಕ್ಕೆ. 18-55 ಲೆನ್ಸಿನ ಮೇಲೆ ಬಿಳಿ ಚೌಕವಿದೆ, 50ರ ಮೇಲೆ ಕೆಂಪು ಚುಕ್ಕೆ. ಬಿಳಿಗೆ ಬಿಳಿ, ಕೆಂಪಿಗೆ ಕೆಂಪು ಕೂಡಿಸಿ ತಿರುಗಿಸಿದರೆ ತಾನಾಗಿ ಕೂರುತ್ತದೆ. ತಿರುಗದಿದ್ದರೆ ಬಲ ಹಾಕಬೇಡಿ, ಗುರುತು ತಪ್ಪಿದೆ ಎಂದು ಅರ್ಥ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಇರಲಿ, ಬಾಯಿ ನೆಲದ ಕಡೆಗಿರಲಿ. ಗದ್ದೆಯಲ್ಲಿ ಹಾಕಿದ ಚೌಕಿಯ ಧೂಳು ಒಮ್ಮೆ ಒಳಗಿನ, ಚಿತ್ರ ಹಿಡಿಯುವ ಸಂವೇದಕದ ಮೇಲೆ ಕೂತರೆ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಲೆ ಬರುತ್ತದೆ. ಹಾಗಾಗಿ ಆಟಕ್ಕೆ ಹೋಗುವ ಮೊದಲೇ ಯಾವ ಲೆನ್ಸ್ ಎಂದು ಮನೆಯಲ್ಲಿ ನಿರ್ಧರಿಸಿ.

ಕ್ಯಾಮೆರಾ ಆನ್ ಮಾಡಿದ ಕೂಡಲೇ ದಿನಾಂಕ, ಸಮಯ ಕೇಳುತ್ತದೆ. ಹೆಚ್ಚಿನವರು ಇದನ್ನು ದಾಟಿ ಮುಂದೆ ಹೋಗುತ್ತಾರೆ. ದಾಟಬೇಡಿ. ಪಟ್ಟಿಯಲ್ಲಿ ದೆಹಲಿ ಆರಿಸಿ ನಿಮಿಷದವರೆಗೆ ಸರಿಯಾಗಿ ಕೊಡಿ. ರೀಲಿನ ಕಾಲದಲ್ಲಿ ಯಾವ ಊರಿನ ಆಟ, ಯಾವ ವರ್ಷ ಎಂದು ಚಿತ್ರದ ಬೆನ್ನಿಗೆ ಬರೆಯದೆ ಎಷ್ಟೋ ಒಳ್ಳೆಯ ವೇಷಗಳ ಗುರುತು ಕಳೆದುಕೊಂಡೆವು. ಅದು ನನಗೆ ಇಂದಿಗೂ ಬೇಸರದ ವಿಷಯ.

ಕಾಜಾಣ · ಮೇ 3, ಬೆಳಿಗ್ಗೆ 7:20

ನಾನು ಬೆಂಗಳೂರಿನವನು, ಹಕ್ಕಿಗಳ ಚಿತ್ರ ತೆಗೆಯುತ್ತೇನೆ. ಹಿರಿಯರು ಹೇಳಿದ್ದಕ್ಕೆ ಮೂರು ಮಾತು ಸೇರಿಸುತ್ತೇನೆ.

ಒಂದು, ಕಾರ್ಡನ್ನು ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ. ಎರಡು, ಅದೇ ಮೆನುವಿನ ಮೊದಲ ಪುಟದಲ್ಲಿ ಕಾರ್ಡ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಇದೆ. ಅದನ್ನು ಮುಚ್ಚಿಬಿಡಿ. ಕಾರ್ಡು ಲ್ಯಾಪ್‌ಟಾಪಿನಲ್ಲೇ ಉಳಿದಿರುತ್ತದೆ, ಇಲ್ಲಿ ನಾವು ಕ್ಲಿಕ್ ಮಾಡುತ್ತಲೇ ಇರುತ್ತೇವೆ. ರಂಗನತಿಟ್ಟಿನಲ್ಲಿ ಒಂದು ಇಡೀ ಬೆಳಗನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ. ಮೂರು, ಚಿತ್ರದ ಗುಣಮಟ್ಟದಲ್ಲಿ ರಾ (ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಇಡುವ ಕಡತ) ಮತ್ತು ದೊಡ್ಡ ಜೆಪೆಗ್ (ಮಾಮೂಲು ಚಿತ್ರದ ಕಡತ) ಎರಡನ್ನೂ ಆರಿಸಿ. ಜೆಪೆಗ್ ಇವತ್ತೇ ಅಣ್ಣನಿಗೆ ಕಳುಹಿಸಲು, ರಾ ನಾಳೆ ಬಣ್ಣ ತಿದ್ದಲು. 64 ಜಿಬಿ ಕಾರ್ಡಿನಲ್ಲಿ ಹೀಗೆ 1,500ಕ್ಕೂ ಹೆಚ್ಚು ಚಿತ್ರ ಹಿಡಿಸುತ್ತವೆ.

ಹಳೆಯ ಸ್ಟುಡಿಯೋ · ಮೇ 3, ಬೆಳಿಗ್ಗೆ 8:02

ರಾ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೊಸಬರಿಗೆ ಅದು ಹೊರೆ. ತೆಗೆಯುವಾಗಲೇ ಬಣ್ಣ ಸರಿಯಾಗಿ ಕೂರಿಸಿದರೆ ಆಮೇಲೆ ತಿದ್ದುವ ಕೆಲಸ ಎಲ್ಲಿದೆ?

ಕಾಜಾಣ · ಮೇ 3, ಬೆಳಿಗ್ಗೆ 8:15

ಸರ್, ಮದುವೆಯ ಚಿತ್ರಗಳಾದರೆ ನಿಮ್ಮ ಮಾತು ಸರಿ. ಇದು ಮತ್ತೆ ಬಾರದ ರಾತ್ರಿ. ಮೊದಲ ವಾರ ಅವರ ಅಂದಾಜು ತಪ್ಪೇ ತಪ್ಪುತ್ತದೆ. ತಪ್ಪಿದ್ದನ್ನು ಉಳಿಸಿಕೊಳ್ಳಲು ಜೆಪೆಗ್‌ನಲ್ಲಿ ಜಾಗ ಕಡಿಮೆ. ಬಳಸದಿದ್ದರೆ ಬಳಸದಿರಲಿ, ಕಾರ್ಡಿನಲ್ಲಿ ಇರಲಿ.

ಹಳೆಯ ಸ್ಟುಡಿಯೋ · ಮೇ 3, ಬೆಳಿಗ್ಗೆ 8:31

ಮತ್ತೆ ಬಾರದ ರಾತ್ರಿ ಎಂದ ಮೇಲೆ ನಾನು ವಾದಿಸುವುದಿಲ್ಲ. ಎರಡೂ ಇರಲಿ ತಂಗೀ.

ಬಯಲಾಟದ ಮಗಳು · ಮೇ 4, ಮಧ್ಯಾಹ್ನ 3:40

ಎಲ್ಲ ಮಾಡಿದೆ. ದಿನಾಂಕ ಕೊಟ್ಟೆ, ಕಾರ್ಡ್ ಫಾರ್ಮ್ಯಾಟ್ ಆಯಿತು. ಒಂದು ಸಂಶಯ. ನಾನು ಕನ್ನಡಕ ಹಾಕುತ್ತೇನೆ. ಕಿಂಡಿಯಲ್ಲಿ ಕಣ್ಣಿಟ್ಟರೆ ಎಲ್ಲವೂ ಮಂಜು ಮಂಜು. ಹಿಂದಿನ ಪರದೆ ಹಾಕಿಕೊಂಡರೆ ಸ್ಪಷ್ಟವಾಗಿದೆ. ಹಾಗಾದರೆ ಮೊಬೈಲಿನಂತೆ ಪರದೆ ನೋಡಿಯೇ ತೆಗೆಯಬಹುದೇ?

ಹಳೆಯ ಸ್ಟುಡಿಯೋ · ಮೇ 4, ಸಂಜೆ 5:05

ಮಂಜು ಕ್ಯಾಮೆರಾದ್ದಲ್ಲ. ಕಿಂಡಿಯ ಬಲ ಮೂಲೆಯಲ್ಲಿ ಒಂದು ಪುಟ್ಟ ಗಾಲಿಯಿದೆ. ಕ್ಯಾಮೆರಾವನ್ನು ಖಾಲಿ ಗೋಡೆಗೆ ಹಿಡಿದು, ಒಳಗೆ ಕಾಣುವ ಒಂಬತ್ತು ಚೌಕಗಳನ್ನು ಮಾತ್ರ ನೋಡುತ್ತ ಆ ಗಾಲಿಯನ್ನು ತಿರುಗಿಸಿ. ಗೋಡೆಯನ್ನು ನೋಡಬೇಡಿ. ಚೌಕಗಳ ಗೆರೆ ಚೂಪಾದ ಜಾಗದಲ್ಲಿ ನಿಲ್ಲಿಸಿ. ಕನ್ನಡಕ ಹಾಕಿಕೊಂಡೇ ಮಾಡಿ, ಆಟದ ರಾತ್ರಿಯೂ ಅದನ್ನೇ ಹಾಕಿಕೊಂಡಿರುತ್ತೀರಿ. ಈ ಗಾಲಿ ಚಿತ್ರವನ್ನು ಬದಲಿಸುವುದಿಲ್ಲ, ನಿಮ್ಮ ಕಣ್ಣಿಗೆ ಕಾಣುವುದನ್ನು ಮಾತ್ರ.

ಪರದೆ ನೋಡಿ ತೆಗೆಯುವುದು ಹಗಲಿಗೆ ಪರವಾಗಿಲ್ಲ. ಈ ಕ್ಯಾಮೆರಾದಲ್ಲಿ ಪರದೆ ಹಾಕಿಕೊಂಡಾಗ ಫೋಕಸ್ ನಿಧಾನ, ಬ್ಯಾಟರಿಯೂ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕತ್ತಲೆಯ ಪ್ರೇಕ್ಷಕರ ನಡುವೆ ನಿಮ್ಮ ಪರದೆ ದೀಪದಂತೆ ಹೊಳೆಯುತ್ತದೆ.

ಗುಂಡಿಯನ್ನು ಒಂದೇ ಸಲ ಒತ್ತಬೇಡಿ. ಅರ್ಧ ಒತ್ತಿ ಹಿಡಿದರೆ ಫೋಕಸ್ ಕೂರುತ್ತದೆ, ಪೂರ್ತಿ ಒತ್ತಿದರೆ ಚಿತ್ರ. ಒಂಬತ್ತು ಚೌಕಗಳಲ್ಲಿ ನಡುವಿನದನ್ನು ಮಾತ್ರ ಆರಿಸಿ, ಮಂದ ಬೆಳಕಿನಲ್ಲಿ ಅದೇ ಹೆಚ್ಚು ನಂಬಿಕೆಯದು. ಕಣ್ಣಿನ ಮೇಲೆ ನಡುಚೌಕ ಇಡಿ, ಅರ್ಧ ಒತ್ತಿ, ಒತ್ತಿದ ಬೆರಳು ಬಿಡದೆ ಚೌಕಟ್ಟನ್ನು ಬೇಕಾದ ಹಾಗೆ ಸರಿಸಿ, ಆಮೇಲೆ ಪೂರ್ತಿ ಒತ್ತಿ. ಅಂಗಳದಲ್ಲಿ ಕೋಳಿ, ನಾಯಿ, ಅಜ್ಜಿ, ಯಾರು ಸಿಕ್ಕಿದರೆ ಅವರನ್ನು ನೂರು ಸಲ ತೆಗೆಯಿರಿ. ನಿಮ್ಮ ಬೆರಳಿಗೆ ಆ ಅರ್ಧ ತಿಳಿಯಬೇಕು.

ಮದ್ದಳೆಯ ಪಕ್ಕ · ಮೇ 4, ರಾತ್ರಿ 11:50

ನಾನು ಹಿಮ್ಮೇಳದವನು, ಬೇರೆ ಮೇಳ. ಚಿತ್ರ ತೆಗೆಯಲು ಬರುವವರನ್ನು ದಿನಾ ನೋಡುತ್ತೇನೆ, ಹಾಗಾಗಿ ಒಂದು ವಿನಂತಿ.

ಚೌಕಿಯಲ್ಲಿ ಫ್ಲ್ಯಾಶ್ ಬೇಡವೇ ಬೇಡ. ಕನ್ನಡಿ ಹಿಡಿದು ರೆಪ್ಪೆಯ ಅಂಚಿಗೆ ಕಾಡಿಗೆ ಎಳೆಯುತ್ತಿರುವವರ ಮುಖಕ್ಕೆ ಆ ಬೆಳಕು ಹೊಡೆದರೆ ಕೈ ತಪ್ಪುತ್ತದೆ. ಕ್ಯಾಮೆರಾದ ಬೀಪ್ ಶಬ್ದವನ್ನೂ ನಿಲ್ಲಿಸಿ. ಚೌಕಿ ಪೂಜೆಯ ಹೊತ್ತಿಗೆ ಕ್ಯಾಮೆರಾ ಎತ್ತುವ ಮೊದಲು ಮೇಳದವರನ್ನು ಒಂದು ಮಾತು ಕೇಳಿ. ನೀವು ಮನೆಯ ಮಗಳೇ ಆದರೂ ಉಳಿದ ಕಲಾವಿದರಿಗೆ ಅದು ಗೌರವ. ಪೆಟ್ಟಿಗೆಗಳ ಸಾಲಿನ ನಡುವೆ ನಡೆದಾಡಬೇಡಿ, ಅಪ್ಪನ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಕಡೆ ಕುಳಿತುಬಿಡಿ. ಅರ್ಧ ಗಂಟೆ ಕಳೆದರೆ ನೀವು ಅಲ್ಲಿದ್ದೀರಿ ಎಂಬುದನ್ನೇ ಎಲ್ಲರೂ ಮರೆಯುತ್ತಾರೆ.

ಕಾಜಾಣ · ಮೇ 5, ಬೆಳಿಗ್ಗೆ 6:55

ಫ್ಲ್ಯಾಶ್ ತಾನಾಗಿ ಎದ್ದು ನಿಲ್ಲುವುದು ಪೂರ್ತಿ ಆಟೋದಲ್ಲಿ. ಮೇಲಿನ ಚಕ್ರವನ್ನು ಪಿ, ಟಿವಿ, ಎವಿ, ಎಂ ಇವುಗಳಲ್ಲಿ ಯಾವುದಕ್ಕೆ ತಿರುಗಿಸಿದರೂ ನೀವು ಗುಂಡಿ ಒತ್ತದೆ ಅದು ಏಳುವುದಿಲ್ಲ. ಎವಿಯಿಂದ ಶುರು ಮಾಡಿ. ಲೆನ್ಸಿನ ಕಣ್ಣು ಎಷ್ಟು ಅಗಲ ತೆರೆಯಬೇಕು ಎಂದು ನೀವು ಹೇಳುತ್ತೀರಿ, ಶಟರ್ ವೇಗವನ್ನು, ಅಂದರೆ ಅದು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು, ಕ್ಯಾಮೆರಾ ಆರಿಸುತ್ತದೆ.

50 ಎಂಎಂ ಯಾಕೆ ಬೇಕು ಎಂದರೆ, 18-55 ಲೆನ್ಸನ್ನು ಪೂರ್ತಿ ಎಳೆದಾಗ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50ರ ಲೆನ್ಸ್ ಎಫ್ 1.8ರವರೆಗೆ ತೆರೆಯುತ್ತದೆ. ಒಳಬರುವ ಬೆಳಕು ಸುಮಾರು ಹತ್ತು ಪಟ್ಟು. ಆದರೆ ಇದರ ಬೆಲೆಯೂ ಇದೆ. ಒಂದೂವರೆ ಮೀಟರ್ ದೂರದಲ್ಲಿ ಕುಳಿತ ಅಪ್ಪನನ್ನು ಎಫ್ 1.8ರಲ್ಲಿ ತೆಗೆದರೆ ಚೂಪಾಗಿ ಬರುವುದು ಸುಮಾರು 6 ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಮಂಜು. ಎಫ್ 2.8ಕ್ಕೆ ತಂದರೆ 9-10 ಸೆಂಟಿಮೀಟರ್ ಸಿಗುತ್ತದೆ. ಅಲ್ಲಿಂದ ಆರಂಭಿಸಿ.

ಬಯಲಾಟದ ಮಗಳು · ಮೇ 9, ಬೆಳಿಗ್ಗೆ 10:30

ನಿನ್ನೆ ಮೊದಲ ಆಟಕ್ಕೆ ಕ್ಯಾಮೆರಾ ತೆಗೆದುಕೊಂಡು ಹೋದೆ. 210 ಚಿತ್ರ ತೆಗೆದೆ. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ನೋಡಿ ಕಣ್ಣೀರು ಬಂತು. ಮೂರು ತೊಂದರೆ ಕಾಣುತ್ತಿವೆ.

ಚೌಕಿಯ ಮೊದಲ 40 ಚಿತ್ರಗಳು ಪೂರ್ತಿ ಮಂಜು, ಒಂದೂ ಉಳಿದಿಲ್ಲ. ಆಮೇಲಿನವು ಪರವಾಗಿಲ್ಲ, ಆದರೆ ಅಪ್ಪನ ಮುಖದ ಹಳದಿ, ಬಿಳಿ ಎರಡೂ ಒಂದೇ ತರಹ ಹಳದಿ. ರಂಗಸ್ಥಳದ ಚಿತ್ರಗಳಲ್ಲಿ ಒಂದೊಂದರಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ, ಜಮಖಾನದ ಹಾಗೆ. ಕ್ಯಾಮೆರಾ ಕೆಟ್ಟಿದೆಯೇ?

ಹಳೆಯ ಸ್ಟುಡಿಯೋ · ಮೇ 9, ಬೆಳಿಗ್ಗೆ 11:10

ಅಳಬೇಡಿ ತಂಗೀ. ಹೋದದ್ದು ಒಂದು ರಾತ್ರಿ, ಇನ್ನೂ ಎರಡು ವಾರ ಆಟವಿದೆ.

ಆ 40ರಲ್ಲಿ ಒಂದನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಎಲ್ಲವೂ ಒಂದೇ ಸಮ ಮಂಜಾಗಿ, ಆದರೆ ಮುಂದೆಯೋ ಹಿಂದೆಯೋ ಯಾವುದಾದರೊಂದು ವಸ್ತು ಚೂಪಾಗಿದ್ದರೆ ಅದು ಫೋಕಸ್ ತಪ್ಪಿದ್ದು. ಹಿಂದಿನ ಪೆಟ್ಟಿಗೆ ಸ್ಪಷ್ಟ, ಅಪ್ಪನ ಬೆರಳು ಮಾತ್ರ ಎಳೆದಂತೆ ಇದ್ದರೆ ಅದು ಚಲನೆಯ ಮಸುಕು, ಶಟರ್ ನಿಧಾನವಾದದ್ದು. ದೀಪಗಳು ಕೂಡ ಒಂದೇ ದಿಕ್ಕಿಗೆ ಎಳೆದಿದ್ದರೆ ನಿಮ್ಮ ಕೈ ಅಲುಗಿದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ಹೇಳಿ.

ಬಯಲಾಟದ ಮಗಳು · ಮೇ 9, ಬೆಳಿಗ್ಗೆ 11:32

ಅಪ್ಪನ ಹಿಂದೆ ಎರಡು ಮಾರು ದೂರದಲ್ಲಿ ನೇತುಹಾಕಿದ ಎದೆಕಟ್ಟು ಎಷ್ಟು ಚೂಪಾಗಿದೆ ಎಂದರೆ ಮಣಿ ಎಣಿಸಬಹುದು. 40 ಚಿತ್ರಗಳಲ್ಲೂ ಅದೇ.

ಹಳೆಯ ಸ್ಟುಡಿಯೋ · ಮೇ 9, ಬೆಳಿಗ್ಗೆ 11:40

ಹಾಗಾದರೆ ಲೆನ್ಸಿನ ಪಕ್ಕದ ಸಣ್ಣ ಗುಂಡಿ ನೋಡಿ. ಎಎಫ್ (ಕ್ಯಾಮೆರಾ ತಾನೇ ಫೋಕಸ್ ಮಾಡುವುದು) ಮತ್ತು ಎಂಎಫ್ (ನಾವು ಕೈಯಲ್ಲಿ ಮಾಡುವುದು) ಎಂದು ಎರಡು ಜಾಗ. ಚೀಲದಿಂದ ಎಳೆಯುವಾಗ ಅದು ಎಂಎಫ್‌ಗೆ ಸರಿದಿತ್ತು, ಕ್ಯಾಮೆರಾ ಫೋಕಸ್ ಮಾಡಲೇ ಇಲ್ಲ. ಚೀಲದಿಂದ ಹೊರತೆಗೆದಾಗಲೆಲ್ಲ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಮುಟ್ಟಿ ನೋಡುವುದು ಅಭ್ಯಾಸವಾಗಲಿ. ನಮ್ಮ ಸ್ಟುಡಿಯೋಕ್ಕೆ ಕೆಲಸಕ್ಕೆ ಬಂದ ಹುಡುಗರಿಗೆಲ್ಲ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಕಾಜಾಣ · ಮೇ 9, ಮಧ್ಯಾಹ್ನ 12:15

ಕಪ್ಪು ಪಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಂದವಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ಶಟರ್ 1/100 ಸೆಕೆಂಡು ತೆರೆದಿದ್ದರೆ ಒಂದು ಪೂರ್ತಿ ಏರಿಳಿತ ಒಳಬರುತ್ತದೆ, 1/50ಕ್ಕೆ ಎರಡು. ಚಿತ್ರ ಸಮವಾಗಿ ಬರುತ್ತದೆ. 1/400ಕ್ಕೆ ಹೋದರೆ ಏರಿಳಿತದ ಒಂದು ತುಂಡು ಮಾತ್ರ ಸಿಗುತ್ತದೆ. ಆಗ ಶಟರಿನ ಎರಡು ಪರದೆಗಳ ನಡುವಿನ ಸಂದು ಸಂವೇದಕದ ಮೇಲೆ ಸರಿದು ಹೋಗುವಷ್ಟರಲ್ಲಿ ಒಂದು ಭಾಗಕ್ಕೆ ಹೆಚ್ಚು ಬೆಳಕು, ಇನ್ನೊಂದು ಭಾಗಕ್ಕೆ ಕಡಿಮೆ. ಅದೇ ಜಮಖಾನದ ಪಟ್ಟೆ. ಎವಿಯಲ್ಲಿ ಇಟ್ಟಿದ್ದರಿಂದ, ಬೆಳಕು ಹೆಚ್ಚಿದ ಕಡೆ ಕ್ಯಾಮೆರಾ ವೇಗವನ್ನು ಏರಿಸಿದೆ.

ಚಕ್ರವನ್ನು ಎಂಗೆ ತನ್ನಿ, ಅಲ್ಲಿ ಅಳತೆಗಳನ್ನು ನೀವೇ ಕೊಡುತ್ತೀರಿ. ಶಟರ್ 1/100, ಕಣ್ಣು ಎಫ್ 2.8, ಎರಡನ್ನೂ ಕದಲಿಸಬೇಡಿ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ, ಅದೊಂದನ್ನೇ ಏರಿಸಿ ಇಳಿಸಿ. 800ರಿಂದ ಹೊರಟು 3200ರವರೆಗೆ ಧೈರ್ಯವಾಗಿ ಹೋಗಿ. ಚಿತ್ರದಲ್ಲಿ ಮರಳಿನಂತೆ ಕಾಳು ಕಾಣುತ್ತದೆ, ಕಾಣಲಿ. ಕಾಳಿರುವ ಚಿತ್ರವನ್ನು ಗೋಡೆಗೆ ಹಾಕಬಹುದು, ಮಸುಕಾದದ್ದನ್ನು ಹಾಕಲಾಗುವುದಿಲ್ಲ.

ಎಲ್ಲ ಎಲ್‌ಇಡಿಗಳೂ ಹೀಗೆಯೇ ಮಿನುಗುವುದಿಲ್ಲ. ಹೊಸ ಊರಿಗೆ ಹೋದಾಗ ಆಟ ಶುರುವಾಗುವ ಮುನ್ನ ಖಾಲಿ ರಂಗಸ್ಥಳವನ್ನು ನಾಲ್ಕು ಸಲ ತೆಗೆದು ಪಟ್ಟೆ ಇದೆಯೇ ನೋಡಿ.

ಹಳೆಯ ಸ್ಟುಡಿಯೋ · ಮೇ 9, ಮಧ್ಯಾಹ್ನ 2:20

ಇನ್ನು ಬಣ್ಣ. ಬಣ್ಣದ ವೇಷದ ಚಿತ್ರದಲ್ಲಿ ಹಳದಿ ಯಾವುದು, ಬಿಳಿ ಯಾವುದು ಎಂದು ತಿಳಿಯದಿದ್ದರೆ ತೆಗೆದು ಪ್ರಯೋಜನವಿಲ್ಲ. ಹಿಂದೆ ಹಳದಿಗೆ ಅರದಲ, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರು, ಈಗ ಡಬ್ಬಿಯ ಬಣ್ಣ. ಯಾವುದಾದರೂ ಅದರ ಛಾಯೆಯೇ ವೇಷದ ಜೀವ. ಚೌಕಿಯಲ್ಲಿ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಬಿಳಿ ಟ್ಯೂಬು ಇರುತ್ತದೆ, ಕ್ಯಾಮೆರಾದ ಆಟೋ ಅಂದಾಜು ಅಲ್ಲಿ ಸೋಲುತ್ತದೆ.

ಹೀಗೆ ಮಾಡಿ. ಅಪ್ಪ ಕೂರುವ ಜಾಗದಲ್ಲಿ, ಅವರ ಮುಖ ಬರುವ ಎತ್ತರದಲ್ಲಿ ಒಂದು ಬಿಳಿ ಪಂಚೆ ಹಿಡಿಯಲು ಯಾರಿಗಾದರೂ ಹೇಳಿ. ಚೌಕಟ್ಟಿನ ನಡುವೆಲ್ಲ ಬಿಳುಪೇ ತುಂಬುವಂತೆ ಒಂದು ಚಿತ್ರ ತೆಗೆಯಿರಿ. ಮೆನುವಿನಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್‌ಗೆ ಹೋಗಿ ಆ ಚಿತ್ರವನ್ನೇ ಆರಿಸಿ. ಆಮೇಲೆ ವೈಟ್ ಬ್ಯಾಲೆನ್ಸ್ ಗುಂಡಿ ಒತ್ತಿ ಕಸ್ಟಮ್ ಗುರುತಿಗೆ ಬದಲಿಸಿ. ಈ ಕೊನೆಯ ಹೆಜ್ಜೆ ಮರೆತರೆ ಮೊದಲಿನದೆಲ್ಲ ವ್ಯರ್ಥ.

ಮದ್ದಳೆಯ ಪಕ್ಕ · ಮೇ 9, ಮಧ್ಯಾಹ್ನ 2:48

ಪಂಚೆ ಎಂದಿರಲ್ಲ, ನಮ್ಮ ಕಡೆ ಪಂಚೆಗೆ ನೀಲಿ ಅದ್ದಿ ಒಗೆಯುತ್ತಾರೆ. ಅದು ನಿಜವಾದ ಬಿಳಿಯೇ?

ಹಳೆಯ ಸ್ಟುಡಿಯೋ · ಮೇ 9, ಮಧ್ಯಾಹ್ನ 3:05

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅಲ್ಲ. ನೀಲಿ ಹಾಕಿದ ಪಂಚೆಯನ್ನು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸಿದರೆ ಅದು ಆ ನೀಲಿಯನ್ನು ಕಳೆಯಲು ಹೋಗಿ ಉಳಿದೆಲ್ಲವನ್ನೂ ಸ್ವಲ್ಪ ಹಳದಿಗೆ ಎಳೆಯುತ್ತದೆ. ನೀಲಿ ಸೋಕದ ಹತ್ತಿಯ ಬಟ್ಟೆ ಇದ್ದರೆ ಅದು ಉತ್ತಮ. ನಾನು ಇದನ್ನು ಮೊದಲೇ ಹೇಳಬೇಕಿತ್ತು.

ನಸುಕು · ಮೇ 10, ಬೆಳಿಗ್ಗೆ 9:00

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ನಿಕಾನ್. ಇಲ್ಲಿ ಹೇಳಿದ್ದು ಅದಕ್ಕೂ ಅನ್ವಯಿಸುತ್ತದೆಯೇ? ನನ್ನ ಚಕ್ರದ ಮೇಲೆ ಎವಿ ಎಂಬುದೇ ಇಲ್ಲ.

ಕಾಜಾಣ · ಮೇ 10, ಬೆಳಿಗ್ಗೆ 9:25

ನಿಕಾನ್‌ನಲ್ಲಿ ಅದನ್ನು ಎ ಎಂದು, ಟಿವಿಯನ್ನು ಎಸ್ ಎಂದು ಬರೆದಿರುತ್ತಾರೆ. ಹೆಸರು ಬೇರೆ, ಕೆಲಸ ಒಂದೇ. ಲೆನ್ಸ್ ತಿರುಗಿಸುವ ದಿಕ್ಕು ಕೆನಾನ್‌ಗೆ ತಿರುಗುಮುರುಗು, ಅದೊಂದು ನೆನಪಿರಲಿ.

ಬಯಲಾಟದ ಮಗಳು · ಮೇ 17, ಬೆಳಿಗ್ಗೆ 11:15

ನಿನ್ನೆ ರಾತ್ರಿ ಚೌಕಿಯಲ್ಲಿ ಅಪ್ಪನ ಪಕ್ಕ ಮೂರು ಗಂಟೆ ಕುಳಿತಿದ್ದೆ. ಗುಂಡಿ ಎಎಫ್‌ನಲ್ಲಿದೆಯೇ ಎಂದು ಎಷ್ಟು ಸಲ ಮುಟ್ಟಿ ನೋಡಿದೆನೋ ಲೆಕ್ಕವಿಲ್ಲ. ಅಮ್ಮನ ಪೆಟ್ಟಿಗೆಯಿಂದ ಒಂದು ಹಳೆಯ ಹತ್ತಿ ಬೈರಾಸು (ಟವೆಲು) ತಂದಿದ್ದೆ, ನೀಲಿ ಹಾಕದ್ದು.

ಮೊದಲ ಸಲ ಹಳದಿ ಹಳದಿಯಾಗಿ, ಬಿಳಿ ಬಿಳಿಯಾಗಿ ಬಂದಿದೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದೇ ಚುಕ್ಕಿಯಾಗಿ ಎತ್ತುತ್ತಾರಲ್ಲ, ಹಾಗೆ ಎತ್ತಿದ ಚಿಟ್ಟಿಯ ಮುಳ್ಳಿನ ನೆರಳು ಕೂಡ ಕಾಣುತ್ತಿದೆ. ಚಿತ್ರವನ್ನು ದೊಡ್ಡದು ಮಾಡಿದರೆ ಇನ್ನೂ ಒಣಗದ ಚುಕ್ಕಿ ಹೊಳೆಯುತ್ತದೆ, ಒಣಗಿದ್ದು ಮಂಕಾಗಿದೆ. ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ, ಇದನ್ನು ನಾನು ಗಮನಿಸಿರಲಿಲ್ಲ.

ಒಂದು ಕಡೆ ಸೋತೆ. ಅವರ ಕೈಗನ್ನಡಿಯೊಳಗಿನ ಮುಖವನ್ನು ತೆಗೆಯಲು ಹೋದರೆ ಕನ್ನಡಿಯ ಚೌಕಟ್ಟು ಚೂಪು, ಮುಖ ಮಂಜು.

ಇನ್ನೊಂದು ಪ್ರಶ್ನೆ. 22ಕ್ಕೆ ಅಪ್ಪನ ಮಹಿಷಾಸುರ. ದೊಂದಿ (ಪಂಜು) ಹಿಡಿದು, ಬೆಂಕಿ ಭುಗಿಲೇಳಲು ರಾಳದ ಪುಡಿ ಎರಚಿ ಪ್ರವೇಶ. ಆ ಬೆಂಕಿಯ ಕ್ಷಣದ ಚಿತ್ರ ಬೇಕು. ಹೇಗೆ?

ಹಳೆಯ ಸ್ಟುಡಿಯೋ · ಮೇ 17, ಮಧ್ಯಾಹ್ನ 12:40

ಕನ್ನಡಿಯೊಳಗಿನ ಮುಖ ಕನ್ನಡಿಯ ಮೇಲೆ ಇಲ್ಲ ತಂಗೀ. ನಿಮ್ಮಿಂದ ಕನ್ನಡಿಗೆ ಒಂದು ಮೀಟರ್, ಕನ್ನಡಿಯಿಂದ ಅಪ್ಪನ ಮುಖಕ್ಕೆ ಅರ್ಧ ಮೀಟರ್ ಇದ್ದರೆ ಲೆನ್ಸಿಗೆ ಅದು ಒಂದೂವರೆ ಮೀಟರ್ ದೂರದ ಮುಖ. ನಡುಚೌಕವನ್ನು ಚೌಕಟ್ಟಿನ ಅಂಚಿಗೆ ತಾಗಿಸದೆ ಪ್ರತಿಬಿಂಬದ ಕಣ್ಣಿನ ಮೇಲೆಯೇ ಇಟ್ಟು ಅರ್ಧ ಒತ್ತಿ.

ಮದ್ದಳೆಯ ಪಕ್ಕ · ಮೇ 17, ಸಂಜೆ 6:10

ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ, ಜನರ ನಡುವೆ ಬರುವುದು ನಿಮಗೆ ಗೊತ್ತೇ ಇದೆ. ದೊಂದಿಯವರು ಎರಡೂ ಕಡೆ ಇರುತ್ತಾರೆ. ರಾಳ ಎರಚುವವರ ಮೊಣಕೈ ಮೇಲೆದ್ದಾಗ ಬೆಂಕಿ ಇನ್ನೇನು ಬರುತ್ತದೆ ಎಂದು ತಿಳಿಯಿರಿ. ಬೆಂಕಿ ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ಚೆಂಡೆಯನ್ನು ಕೇಳಿ, ಪೆಟ್ಟು ಬಿಗಿಯಾಗುತ್ತ ಬಂದು ವೇಷ ಒಮ್ಮೆ ನಿಂತು ಆರ್ಭಟ ಕೊಡುತ್ತದೆ. ನಿಲ್ಲುವ ಆ ಗಳಿಗೆ ನಿಮ್ಮದು. ಮತ್ತೊಂದು ಮಾತು, ದೊಂದಿಯ ದಾರಿಯಲ್ಲಿ ನಿಲ್ಲಬೇಡಿ. ಹತ್ತಿಯ ಬಟ್ಟೆ ಉಟ್ಟುಕೊಳ್ಳಿ, ಸೆರಗು ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಚಿತ್ರಕ್ಕಿಂತ ಜೀವ ದೊಡ್ಡದು.

ಕಾಜಾಣ · ಮೇ 17, ರಾತ್ರಿ 8:30

ಅಳತೆಯನ್ನು ಮೊದಲೇ ಕೂರಿಸಿಟ್ಟುಕೊಳ್ಳಬೇಕು. ಬೆಂಕಿ ಎದ್ದಾಗ ಮುಖದ ಮೇಲಿನ ಬೆಳಕು ಹಲವು ಪಟ್ಟು ಏರುತ್ತದೆ. ಮಾಮೂಲು ಬೆಳಕಿಗೆ ಐಎಸ್ಒ 1600 ಬೇಕಿದ್ದರೆ, ಆ ಕ್ಷಣಕ್ಕೆ 400ಕ್ಕೆ ಇಳಿಸಿಟ್ಟು ಕಾಯಿರಿ. ಬೆಂಕಿಯಿಲ್ಲದ ಚಿತ್ರಗಳು ಕಪ್ಪಾಗಿ ಬರುತ್ತವೆ, ಬರಲಿ. 22ರ ಮೊದಲು ಬೇರೆ ಆಟದಲ್ಲಿ ದೊಂದಿ ಇದ್ದರೆ ಒಮ್ಮೆ ಪರೀಕ್ಷಿಸಿ ಅಂಕಿ ಬದಲಿಸಿಕೊಳ್ಳಿ.

ದೂರದ ಲೆಕ್ಕವನ್ನೂ ಹಾಕಿಕೊಳ್ಳಿ. 50ರ ಲೆನ್ಸಿನಲ್ಲಿ 5 ಮೀಟರ್ ದೂರಕ್ಕೆ ಕ್ಯಾಮೆರಾವನ್ನು ಅಡ್ಡ ಹಿಡಿದರೆ ಒಂದೂವರೆ ಮೀಟರ್ ಎತ್ತರ ಮಾತ್ರ ಹಿಡಿಸುತ್ತದೆ, ಕಿರೀಟ ಕತ್ತರಿಸಿಹೋಗುತ್ತದೆ. ನೆಟ್ಟಗೆ ಹಿಡಿದರೆ 2.2 ಮೀಟರ್. ಕೊಂಬು, ಕಿರೀಟ ಎಲ್ಲ ಸೇರಿ ಬರಬೇಕಾದರೆ ಇನ್ನೂ ಒಂದೆರಡು ಹೆಜ್ಜೆ ಹಿಂದೆ ನಿಲ್ಲಿ. ಸತತವಾಗಿ ಒತ್ತಿ ಹಿಡಿಯಬೇಡಿ. ರಾ, ಜೆಪೆಗ್ ಎರಡನ್ನೂ ಬರೆಯುವಾಗ ಕೆಲವೇ ಚಿತ್ರಗಳಿಗೆ ಕ್ಯಾಮೆರಾ ನಿಧಾನವಾಗುತ್ತದೆ, ಬೆಂಕಿ ಆ ಹೊತ್ತಿಗೇ ಏಳುತ್ತದೆ. ಒಂದೊಂದಾಗಿ ಒತ್ತಿ.

ಬಯಲಾಟದ ಮಗಳು · ಮೇ 23, ಬೆಳಿಗ್ಗೆ 7:45

ಇನ್ನೂ ಮಲಗಿಲ್ಲ. ಮೊದಲು ಇಲ್ಲಿ ಬರೆಯಬೇಕು ಎನಿಸಿತು.

ಸಂಜೆ ಚಿಕ್ಕಪ್ಪನ ಕಾರಿನಲ್ಲಿ ಎಸಿ ಹಾಕಿಕೊಂಡು ಹೋದೆವು. ಇಳಿದು ಕ್ಯಾಮೆರಾ ಹೊರತೆಗೆದರೆ ಲೆನ್ಸಿನ ಮೇಲೆಲ್ಲ ಹಬೆ. ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. ಚೀಲದೊಳಗಿಟ್ಟು ಇಪ್ಪತ್ತು ನಿಮಿಷ ಕಾದ ಮೇಲೆ ತಾನಾಗಿ ಹೋಯಿತು. ಮುಂಚೆಯೇ ತಲುಪಿದ್ದರಿಂದ ಬಚಾವಾದೆ. ಮೇ ತಿಂಗಳ ಸೆಕೆಯಲ್ಲಿ ಎಸಿ ಕಾರಿನಲ್ಲಿ ಹೋಗುವವರು ಕ್ಯಾಮೆರಾ ಚೀಲದ ಜಿಪ್ ಮುಚ್ಚಿಡಿ, ಹೊರಗಿನ ಬಿಸಿ ಒಳಗೆ ನಿಧಾನವಾಗಿ ಇಳಿಯಲಿ.

ದೊಂದಿಯ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಐಎಸ್ಒ 400. ಮೊಣಕೈ ಮೇಲೆದ್ದದ್ದು ಕಂಡಿತು, ಒತ್ತಿದೆ. 19 ಚಿತ್ರಗಳಲ್ಲಿ 16 ಕಪ್ಪು. ಎರಡರಲ್ಲಿ ಯಾರದೋ ತಲೆ ಅಡ್ಡ ಬಂದಿದೆ. ಒಂದರಲ್ಲಿ ಅಪ್ಪ ಪೂರ್ತಿ ಇದ್ದಾರೆ. ಬೆಂಕಿ ಅವರ ಎಡಗಡೆಯಿಂದ ಎದ್ದಿದೆ, ಅರ್ಧ ಮುಖ ಕೆಂಪಾಗಿ ಉರಿಯುತ್ತಿದೆ, ಇನ್ನರ್ಧದಲ್ಲಿ ಚಿಟ್ಟಿಯ ಅಂಚು ಮಾತ್ರ ಬೆಳ್ಳಿಯ ಗೆರೆಯಂತೆ. ಹಿಂದೆ ಒಬ್ಬ ಹುಡುಗ ತಾಯಿಯ ತೋಳಿಗೆ ಮುಖ ಹುದುಗಿಸಿದ್ದಾನೆ.

ಹಳೆಯ ಸ್ಟುಡಿಯೋ · ಮೇ 23, ಬೆಳಿಗ್ಗೆ 8:10

ಒಂದು ಸಾಕು ತಂಗೀ. ಈಗಲೇ ಕಾರ್ಡನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿ, ಎರಡನ್ನೂ ತೆರೆದು ನೋಡಿ. ಅಲ್ಲಿಯವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಆಮೇಲೆ ಮಲಗಿ.

ಕಾಜಾಣ · ಮೇ 23, ಬೆಳಿಗ್ಗೆ 9:40

ಓದಿ ಮೈ ನವಿರೆದ್ದಿತು. ಇನ್ನು ಮಳೆ ಬರುತ್ತದೆ, ಈಗಲೇ ಒಂದು ಎಚ್ಚರಿಕೆ. ಕರಾವಳಿಯ ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ಮುಚ್ಚಿದರೆ ಕೆಲವೇ ತಿಂಗಳುಗಳಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಬಹುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಅಕ್ಕಿಯೊಳಗೆ ಹುಗಿಯಬೇಡಿ, ಅದರ ಹುಡಿ ಲೆನ್ಸಿನ ಸಂದುಗಳಿಗೆ ಸೇರುತ್ತದೆ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ನೀಲಿ ಜೆಲ್‌ನಲ್ಲಿರುವ ರಾಸಾಯನಿಕ ವಿಷ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರತೆಗೆದು ಬಳಸಿ.

ಬಯಲಾಟದ ಮಗಳು · ಜೂನ್ 6, ಸಂಜೆ 6:30

ಪತ್ತನಾಜೆ ಕಳೆಯಿತು. ಗೆಜ್ಜೆ ಬಿಚ್ಚಿದ ಚಿತ್ರವನ್ನು ನಾನು ತೆಗೆಯಲಿಲ್ಲ. ಆ ಹೊತ್ತಿಗೆ ಕ್ಯಾಮೆರಾ ಎತ್ತಲು ಮನಸ್ಸಾಗಲಿಲ್ಲ.

ಮಳೆ ಹಿಡಿದಿದೆ, ಕ್ಯಾಮೆರಾ ಡಬ್ಬಿಯಲ್ಲಿದೆ, ಮುಳ್ಳು 46 ತೋರಿಸುತ್ತಿದೆ. ಬೆಂಕಿಯ ಚಿತ್ರವನ್ನು 12ಕ್ಕೆ 18 ಇಂಚಿನ ಅಳತೆಗೆ ಹಾಕಿಸಿ ನಿನ್ನೆ ಅಪ್ಪನ ಕೈಗೆ ಕೊಟ್ಟೆ. ಜಗಲಿಯಲ್ಲಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಎಡಗೆನ್ನೆಯ ಮೂರನೆಯ ಸಾಲು ಓರೆಯಾಗಿದೆ" ಎಂದರು. ನನಗೆ ಎಷ್ಟು ನೋಡಿದರೂ ಓರೆ ಕಾಣಲಿಲ್ಲ.

ಆಮೇಲೆ ಚೌಕಿಯ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ಹಾಕಿಸಿ ನೋಡಿದರು. ಮೊದಲ ಹಳದಿ ಹಚ್ಚಿದ್ದು 6:42ಕ್ಕೆ, ಕೊನೆಯ ಚಿಟ್ಟಿ ಇಟ್ಟದ್ದು 9:51ಕ್ಕೆ. ಪ್ರತಿಯೊಂದು ಚಿತ್ರದ ಕೆಳಗೂ ನಿಮಿಷವಿದೆ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅವರೇ ಒಂದು ಹಾಳೆಯಲ್ಲಿ ಬರೆದುಕೊಂಡರು. ಹಳೆಯ ಸ್ಟುಡಿಯೋ ಸರ್, ದಿನಾಂಕ ದಾಟಬೇಡಿ ಎಂದು ನೀವು ಬರೆದದ್ದು ಆಗ ನೆನಪಾಯಿತು.

ಹಣೆಯ ಬರವಣಿಗೆಯ ನಡುವೆ ಇಪ್ಪತ್ತು ನಿಮಿಷ ನಾನು ಏನೂ ತೆಗೆದಿಲ್ಲ, ಆಗ ಬ್ಯಾಟರಿ ಬದಲಿಸಿ ಚಹಾ ಕುಡಿಯಲು ಹೋಗಿದ್ದೆ. ಅವರಿಗೆ ಅದೇ ಬೇಕಂತೆ. ಮೇಳದ ಒಬ್ಬ ಹುಡುಗ ಮಳೆಗಾಲದಲ್ಲಿ ಬಣ್ಣ ಕಲಿಯಲು ಮನೆಗೆ ಬರುತ್ತಾನೆ. ಮುಂದಿನ ಭಾನುವಾರ ಅಪ್ಪ ಜಗಲಿಯಲ್ಲಿ ಕುಳಿತು ಅವನಿಗಾಗಿ ಮೊದಲಿನಿಂದ ಬರೆಯುತ್ತಾರೆ, ಒಂದು ಗೆರೆಯೂ ಬಿಡದಂತೆ ತೆಗೆಯಬೇಕು ಎಂದಿದ್ದಾರೆ. ಹಗಲು ಬೆಳಕು, ಹೊರಗೆ ಮೋಡ, ಅವರ ಬಲಗಡೆಗೆ ತೆರೆದ ಅಂಗಳ. ಐಎಸ್ಒ ಎಷ್ಟರಿಂದ ಹೊರಡಲಿ?

ಕಾಜಾಣ · ಜೂನ್ 6, ಸಂಜೆ 6:52

400. ಎಫ್ 4ಕ್ಕೆ ಇಡಿ, ಈ ಸಲ ಕಿವಿಯೂ ಸ್ಪಷ್ಟವಾಗಿ ಬರಲಿ. ಎಡಗಡೆ ಆ ಬೈರಾಸನ್ನು ನೇತುಹಾಕಿ, ಅಂಗಳದ ಬೆಳಕು ಅದರಿಂದ ಮರಳಿ ನೆರಳಿನ ಕೆನ್ನೆಗೆ ಬೀಳುತ್ತದೆ. ಬ್ಯಾಟರಿ ಎರಡನ್ನೂ ಶನಿವಾರ ರಾತ್ರಿಯೇ ಚಾರ್ಜಿಗೆ ಹಾಕಿ.